ನ್ಯಾಯ ನಿನ್ನ ಕಡೆಗಿದೆ ಮಗು, ಆದರೆ…

ನಮ್ಮ ಸರ್ಕಾರಗಳ ಮೇಲೆ ನೂರೆಂಟು ದೂರು ಹೇಳಬಹುದು. ಒರಟು ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಶಾಲೆಯ ಬಾಗಿಲಿಗೆ ಬಂದ ಮಗುವಿಗೆ ‘ನಿನಗಿಲ್ಲಿ ಜಾಗವಿಲ್ಲ, ನಡೆ’ ಎನ್ನುವ ಅನಾಗರಿಕತೆ ನಮ್ಮ ಆಡಳಿತದ ಜಾಯಮಾನದಲ್ಲೇ ಇಲ್ಲ. ಮಗುವನ್ನು ಒಳಗೆ ಕರೆಯುತ್ತಾರೆ, ಗಲ್ಲ ಹಿಂಡುತ್ತಾರೆ, ಶಿಕ್ಷಣ ನಿನ್ನ ಮೂಲಭೂತ ಹಕ್ಕು ಎಂದು ಹೇಳುತ್ತಾರೆ, ಅರ್ಜಿ ಪಡೆದು ಸ್ವೀಕೃತಿಯನ್ನೂ ಕೊಡುತ್ತಾರೆ. ಆಮೇಲೆ ‘ಆದರೆ’ ಎಂದು ಶುರು ಮಾಡುತ್ತಾರೆ. ಆ ‘ಆದರೆ’ ಮುಗಿಯುವಷ್ಟರಲ್ಲಿ ಗಂಡುಮಗುವಿಗೆ ಮೀಸೆ ಮೊಳೆತಿರುತ್ತದೆ, ಹೆಣ್ಣುಮಗುವಿಗೆ ಮದುವೆಯಾಗಿರುತ್ತದೆ.

ಈ ಕಲೆಯ ಅತ್ಯುತ್ತಮ ಮಾದರಿಯೊಂದು ನಮ್ಮ ಧಾರವಾಡದ ಹೆಸರಿನಲ್ಲೇ ದಾಖಲಾಗಿದೆ ಎಂಬುದು ಕನ್ನಡಿಗರು ಎದೆ ತಟ್ಟಿಕೊಳ್ಳಬೇಕಾದ ಸಂಗತಿ. 1856ರಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಶಾಲೆ ಸರ್ಕಾರದ್ದು, ಸರ್ಕಾರ ಕಂಪನಿಯದ್ದು, ಕಂಪನಿಯವರಿಗೆ ನಮ್ಮ ಮಡಿ ಮೈಲಿಗೆಯ ಹಂಗಿಲ್ಲ ಎಂದು ಆ ಹುಡುಗ ನಂಬಿದ್ದಿರಬೇಕು. ಕಡತ ಮುಂಬಯಿಗೆ ಹೋಯಿತು. ಅಲ್ಲಿನ ಸರ್ಕಾರ ಜುಲೈ ತಿಂಗಳಲ್ಲಿ ಹೊರಡಿಸಿದ ನಿರ್ಣಯದ ತಾತ್ಪರ್ಯ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಅದರಲ್ಲಿ ಅನುಮಾನವಿಲ್ಲ. ಅವನನ್ನು ಹೊರಗಿಟ್ಟಿರುವ ಪೂರ್ವಗ್ರಹಗಳು ಬೇಗನೆ ತೊಲಗಲಿ ಎಂದು ಸರ್ಕಾರವೂ ಹಾರೈಸುತ್ತದೆ. ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ನಂಬಿಕೆಗೆ ಕೈಹಾಕಿದರೆ ಶಿಕ್ಷಣದ ಉದ್ದೇಶಕ್ಕೇ ಧಕ್ಕೆಯಾದೀತು.

ಒಬ್ಬ ಹುಡುಗ ಶಾಲೆಯೊಳಗೆ ಬಂದರೆ ಶಿಕ್ಷಣಕ್ಕೇ ಧಕ್ಕೆ! ಇಂಥ ವಾಕ್ಯ ಬರೆಯಲು ಬರೀ ಇಂಗ್ಲಿಷ್ ಬಂದರೆ ಸಾಲದು, ಆಡಳಿತದ ಕಸುಬೂ ಗೊತ್ತಿರಬೇಕು. ಇದರಲ್ಲಿ ನಿರಾಕರಣೆಯ ಮಾತೇ ಇಲ್ಲ. ಒಪ್ಪಿಗೆ ಇದೆ, ಸಹಾನುಭೂತಿ ಇದೆ, ಶುಭಹಾರೈಕೆ ಇದೆ. ಶಾಲೆಯೊಂದು ಇಲ್ಲ, ಅಷ್ಟೆ. ಎರಡು ವರ್ಷ ಕಳೆದ ಮೇಲೆ ಲಂಡನ್ನಿನಲ್ಲಿದ್ದ ಕಂಪನಿಯ ಡೈರೆಕ್ಟರುಗಳು ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿವೆ ಎಂದು ಸಾರಿದರು. ಅದನ್ನೂ ಓದಿ ಫೈಲಿಗೆ ಹಾಕಿಕೊಂಡರು. 1928ರಲ್ಲಿ ಸೈಮನ್ ಆಯೋಗಕ್ಕೆ ಹೇಳಿಕೆ ಕೊಡುವಾಗ ಅಂಬೇಡ್ಕರರು ಈ ಪ್ರಸಂಗವನ್ನು ಎತ್ತಿ ತೋರಿಸಿದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರಂಥವರು ಮಾತ್ರ ಪೂರ್ವಗ್ರಹ ತೊಲಗುವ ದಿನಕ್ಕೆ ಕಾಯದೆ 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕೆ ಸಿಕ್ಕ ಬಹುಮಾನ ಸ್ವಂತ ಸಮುದಾಯದ ಬಹಿಷ್ಕಾರ. ಆಡಳಿತದ ಕಸುಬು ಗೊತ್ತಿಲ್ಲದವರಿಗೆ ಹಾಗೇ ಆಗಬೇಕು.

ಕಂಪನಿ ಹೋಯಿತು, ರಾಣಿ ಹೋದಳು, ಸ್ವರಾಜ್ಯ ಬಂತು. ಆ ನಿರ್ಣಯದ ಕರಡು ಮಾತ್ರ ಕಪಾಟಿನಲ್ಲಿ ಭದ್ರವಾಗಿ ಉಳಿಯಿತು. ಹೆಸರು, ದಿನಾಂಕ ತಿದ್ದಿದರೆ ಯಾವ ಇಲಾಖೆಗಾದರೂ, ಯಾವ ಮಗುವಿಗಾದರೂ ಕಳಿಸಬಹುದು.

*

ಶುಭಕಾರ್ಯಕ್ಕೆ ಮುಹೂರ್ತ ಮುಖ್ಯ. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಎಲ್ಲರ ಮಕ್ಕಳೂ ಓದಲು ಕುಳಿತರೆ ಹೊಲದಲ್ಲಿ ಬಾಗುವವರು ಯಾರು ಎಂದು ಜಮೀನ್ದಾರರಿಗೆ ಚಿಂತೆ ಹತ್ತಿತು. ಮರುವರ್ಷ 13ಕ್ಕೆ 38 ಮತಗಳಿಂದ ಮಸೂದೆ ಬಿತ್ತು. ಆ 13 ಮಂದಿಯನ್ನು ಬಿಟ್ಟರೆ ಮಿಕ್ಕವರೆಲ್ಲ ತತ್ತ್ವವನ್ನು ಒಪ್ಪಿ ಕಾಲವನ್ನು ಒಪ್ಪದವರು.

1950ರ ಸಂವಿಧಾನ 45ನೇ ವಿಧಿಯಲ್ಲಿ ಹತ್ತು ವರ್ಷದೊಳಗೆ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದಿತು. ನಿರ್ದೇಶಕ ತತ್ತ್ವಗಳಲ್ಲಿ ಗಡುವು ಹಾಕಿಸಿಕೊಂಡದ್ದು ಇದೊಂದೇ. ಅದೇ ತಪ್ಪಾಯಿತೇನೋ. ಗಡುವು ಇರುವುದು ಮೀರುವುದಕ್ಕೆ. 1960 ಬಂತು, ಹೋಯಿತು. ಬಡದೇಶಗಳೆಲ್ಲ ಒಟ್ಟಾಗಿ ಗಡುವು ಮೀರಿದರೆ ಒಂಟಿತನ ಕಾಡುವುದಿಲ್ಲವಲ್ಲ ಎಂದು ಆಮೇಲೆ ಅಂತಾರಾಷ್ಟ್ರೀಯ ಮುಹೂರ್ತಗಳು ಶುರುವಾದವು. 1990ರಲ್ಲಿ ಥಾಯ್ಲೆಂಡಿನ ಜೋಮ್‌ಟಿಯೆನ್‌ನಲ್ಲಿ ಸೇರಿ 2000ದ ಹೊತ್ತಿಗೆ ಸರ್ವರಿಗೂ ಶಿಕ್ಷಣ ಎಂದರು. 2000ದಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಸೇರಿ 2015 ಎಂದರು. 2015ರಲ್ಲಿ ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ಸೇರಿ 2030 ಎಂದರು. ಪ್ರತಿ ಸಲವೂ ಊರು ಚೆನ್ನಾಗಿತ್ತು, ಘೋಷಣೆ ಉದ್ದವಾಗಿತ್ತು, ಗುಂಪಿನ ಫೋಟೊ ಸ್ಪಷ್ಟವಾಗಿ ಬಂದಿತ್ತು. ಜೋಮ್‌ಟಿಯೆನ್ ಕಾಲದಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗುವಿನ ಮಗು ಈಗ ಇಂಚಾನ್ ಘೋಷಣೆಯ ಫಲಾನುಭವಿ. ಕೊಟ್ಟ ಮಾತನ್ನು ತಲೆಮಾರು ದಾಟಿಸುವುದೆಂದರೆ ಇದು.

ಹಣದ ವಿಷಯದಲ್ಲೂ ನಮ್ಮ ನಿಷ್ಠೆ ಅಚಲ. ಕೊಠಾರಿ ಆಯೋಗ 1966ರಲ್ಲಿ ಎರಡು ಮಾತು ಹೇಳಿತ್ತು. ಒಂದು, ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ನೆರೆಹೊರೆಯ ಶಾಲೆಗೆ ಹೋಗಬೇಕು. ಎರಡು, ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಖರ್ಚು ಮಾಡಬೇಕು. ಮೊದಲನೆಯದನ್ನು ಮರೆಯುವುದು ಸುಲಭವಾಯಿತು. ಎರಡನೆಯದನ್ನು ಮರೆಯಲು ಮನಸ್ಸು ಬಾರದೆ 1968ರ ನೀತಿಯಲ್ಲಿ ಬರೆದರು, 1986ರ ನೀತಿಯಲ್ಲಿ ಬರೆದರು, 2020ರ ನೀತಿಯಲ್ಲೂ ಬರೆದರು. ಇಷ್ಟು ಸಲ ಬರೆದರೆ ಒಂದನೇ ಇಯತ್ತೆಯ ಮಗುವಿಗೂ ಅಂಕಿ ಬಾಯಿಪಾಠವಾಗುತ್ತದೆ. ಹಣಕಾಸು ಇಲಾಖೆಗೆ ಮಾತ್ರ ಇನ್ನೂ ನಲಿ-ಕಲಿ ಹಂತ.

*

ಕೊನೆಗೂ 2010ರ ಏಪ್ರಿಲ್ ಒಂದರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಹಕ್ಕು ಕೊಡುವ ಮುನ್ನ ಮಗುವಿನ ಬಾಳಿನ ಮೊದಲ ಆರು ವರ್ಷವನ್ನು ನಾಜೂಕಾಗಿ ಕತ್ತರಿಸಿ ಪಕ್ಕಕ್ಕಿಟ್ಟಿದ್ದರು. ಹೊಟ್ಟೆಯೂ ಮೆದುಳೂ ಬೆಳೆಯುವ ವಯಸ್ಸು ದುಬಾರಿ. ಉಳಿದದ್ದರಲ್ಲಿ ಧಾರಾಳತನಕ್ಕೆ ಕೊರತೆಯಿರಲಿಲ್ಲ. ಮೂವತ್ತು ಮಕ್ಕಳಿಗೊಬ್ಬ ಮೇಷ್ಟ್ರು, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡು, ಎಲ್ಲವೂ ಮೂರೇ ವರ್ಷದಲ್ಲಿ. ಇದರ ಜೊತೆಗೆ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು.

ಈ ಶೇ 25 ಕೇಳಿ ಕೆಲವು ಶಾಲೆಗಳ ಆಡಳಿತ ಮಂಡಳಿಗಳಿಗೆ ಎದೆನೋವು ಬಂತು. ಮನೆಗೆಲಸದವಳ ಮಗನೂ ಮನೆಯೊಡತಿಯ ಮಗನೂ ಒಂದೇ ಬೆಂಚಿನಲ್ಲಿ ಕುಳಿತರೆ ಆ ಬಡಮಗುವಿಗೆ ಕೀಳರಿಮೆ ಬರುವುದಿಲ್ಲವೇ ಎಂದು ಅವರ ಕಳಕಳಿ. ಧಾರವಾಡದ ಕರಡನ್ನು ಅವರು ಓದಿರಲಿಲ್ಲ, ಆದರೂ ಪದಕ್ಕೆ ಪದ ಬಂತು. ಸುಪ್ರೀಂ ಕೋರ್ಟಿನವರೆಗೂ ಹೋದರು, 2012ರ ಏಪ್ರಿಲ್‌ನಲ್ಲಿ ಸೋತರು. ಎರಡು ವರ್ಷದ ಮೇಲೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ತೀರ್ಪು ಬಂದಾಗ ಎಷ್ಟೋ ಆಡಳಿತ ಮಂಡಳಿಗಳಿಗೆ ತಾವೂ ಯಾವುದಾದರೊಂದು ಲೆಕ್ಕದಲ್ಲಿ ಅಲ್ಪಸಂಖ್ಯಾತರೇ ಎಂಬ ಜ್ಞಾನೋದಯವಾಯಿತು. ಸಮಾನತೆಯ ಭಯ ಮನುಷ್ಯನಿಗೆ ತನ್ನ ಬೇರುಗಳನ್ನು ಹುಡುಕಿಸುತ್ತದೆ.

ಉಳಿದವರನ್ನು ಕಾಪಾಡಿದ್ದು ನಮ್ಮದೇ ರಾಜ್ಯ ಸರ್ಕಾರ. 2019ರ ಜನವರಿಯಲ್ಲಿ ನಿಯಮಕ್ಕೊಂದು ಸಣ್ಣ ತಿದ್ದುಪಡಿ ಬಂತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಈ ಶೇ 25ರ ಬಾಧೆ ಇಲ್ಲ. ಹಕ್ಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಹಕ್ಕು ಇದೆ, ಅದನ್ನು ಚಲಾಯಿಸಲು ಸರ್ಕಾರಿ ಶಾಲೆ ಇಲ್ಲದ, ಖಾಸಗಿ ಶಾಲೆ ಮಾತ್ರ ಇರುವ ನೆರೆಹೊರೆಯೊಂದರಲ್ಲಿ ಹುಟ್ಟಬೇಕು. ಲಕ್ಷದ ಆಸುಪಾಸಿನಲ್ಲಿದ್ದ ವಾರ್ಷಿಕ ದಾಖಲಾತಿ ಕೆಲವೇ ಸಾವಿರಕ್ಕೆ ಇಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೈಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಖಾಸಗಿಯವರಿಗೆ ಸುರಿಯುವ ಹಣವನ್ನು ಸರ್ಕಾರಿ ಶಾಲೆಗೇ ಹಾಕೋಣ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿದೆ. ಹಾಗೆ ಉಳಿದ ಹಣ ಪಕ್ಕದ ಸರ್ಕಾರಿ ಶಾಲೆಯ ಯಾವ ಗೋಡೆಗೆ, ಯಾವ ನಲ್ಲಿಗೆ ಹೋಯಿತು ಎಂದು ಕೇಳುವುದು ಮಾತ್ರ ಶಿಷ್ಟಾಚಾರವಲ್ಲ. ನಮ್ಮ ಈ ಐಡಿಯಾವನ್ನೇ ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ಜಾರಿಗೆ ತಂದು, ಜುಲೈ ಹೊತ್ತಿಗೆ ಬಾಂಬೆ ಹೈಕೋರ್ಟಿನಲ್ಲಿ ರದ್ದು ಮಾಡಿಸಿಕೊಂಡಿತು. ನಕಲಿಗೂ ಅಸಲಿಗೂ ಇರುವ ವ್ಯತ್ಯಾಸ ಅದು.

ಎಳೆ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಸಬಾರದು ಎಂದೂ ಕಾಯ್ದೆಯಲ್ಲಿದೆ. ನಡೆಸಿದರೆ ಮೊದಲ ಸಲಕ್ಕೆ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ ದಂಡ. ಒಂದು ಮಗುವಿನ ವರ್ಷದ ಶುಲ್ಕವೇ ಲಕ್ಷ ದಾಟಿದ ಶಾಲೆಗೆ ಈ ದಂಡ ಚಹಾ ಖರ್ಚಿನಲ್ಲಿ ಸೇರಿಹೋಗುತ್ತದೆ. ಆದರೂ ಕಾನೂನಿಗೆ ಗೌರವ ಕೊಟ್ಟು ಅವರು ಮಗುವಿನ ಪರೀಕ್ಷೆ ನಿಲ್ಲಿಸಿ ತಂದೆತಾಯಿಯನ್ನು ಪರೀಕ್ಷಿಸುತ್ತಾರೆ. ಯಾವ ಕಂಪನಿ, ಯಾವ ಹುದ್ದೆ, ಮನೆಯಲ್ಲಿ ಯಾವ ಭಾಷೆ, ವಾರಾಂತ್ಯ ಹೇಗೆ ಕಳೆಯುತ್ತೀರಿ. ವಾರಾಂತ್ಯ ಎಂದರೇನು ಎಂದು ಕೇಳಿದ ತಂದೆಗೆ ಅಲ್ಲೇ ಉತ್ತರ ಸಿಕ್ಕಿರುತ್ತದೆ.

*

ಅಂಗವಿಕಲ ಮಕ್ಕಳ ವಿಷಯದಲ್ಲಂತೂ ನಮ್ಮ ಸಂವೇದನೆ ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಗುತ್ತಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯವಿತ್ತು, 2016ರ ಕಾಯ್ದೆಯಲ್ಲಿ ಇಪ್ಪತ್ತೊಂದಾಯಿತು. ಪಟ್ಟಿ ಮೂರುಪಟ್ಟು. ಪಟ್ಟಿಗಿಂತ ಹೆಚ್ಚೇನು ಬೇಕು ಎಂದು ಕೇಳುವವರಿಗೆ ರ್‍ಯಾಂಪ್ ತೋರಿಸುತ್ತೇವೆ.

ಈ ರ್‍ಯಾಂಪ್ ನಮ್ಮ ಸಿವಿಲ್ ಎಂಜಿನಿಯರಿಂಗಿನ ವಿಸ್ಮಯ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂದು ಪುಸ್ತಕ ಹೇಳುತ್ತದೆ. ನಮ್ಮ ಗುತ್ತಿಗೆದಾರರು ಅಷ್ಟು ಸಿಮೆಂಟು ದಂಡ ಮಾಡುವವರಲ್ಲ. ಬಾಗಿಲ ಮುಂದೆ ಮೂರು ಮೆಟ್ಟಿಲಿದ್ದಷ್ಟೇ ಜಾಗದಲ್ಲಿ ರ್‍ಯಾಂಪನ್ನೂ ಎಬ್ಬಿಸಿ, ಹೊಳೆಯುವಂತೆ ನುಣ್ಣಗೆ ಪಾಲಿಷ್ ಮಾಡಿ, ಪಕ್ಕದಲ್ಲಿ ಪೈಪಿನ ಹಿಡಿಕೆ ನಿಲ್ಲಿಸಿ, ಫೋಟೊ ಹೊಡೆದು, ಶಾಲಾ ಮಾಹಿತಿಯ ಡೈಸ್ ನಮೂನೆಯಲ್ಲಿ ‘ರ್‍ಯಾಂಪ್: ಇದೆ’ ಎಂದು ತುಂಬಿಸುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಊರ ಮಕ್ಕಳೆಲ್ಲ ಅದರ ಮೇಲೆ ಜಾರುಬಂಡೆ ಆಡುತ್ತಾರೆ. ಯಾರಿಗೆ ಕಟ್ಟಿದರೋ ಆ ಮಗು ಮಾತ್ರ ಬಂದಿಲ್ಲ, ಏಕೆಂದರೆ ಗೇಟಿನ ಬಳಿ ಚರಂಡಿಯ ಮೇಲಿದ್ದ ಕಲ್ಲುಚಪ್ಪಡಿ ಮುರಿದು ಎರಡು ಮಳೆಗಾಲ ಆಗಿದೆ. ಒಂದು ವೇಳೆ ಯಾರೋ ಹೊತ್ತು ತಂದು ಒಳಗೆ ಬಿಟ್ಟರು ಎನ್ನಿ. ಶೌಚಾಲಯ ಮೈದಾನದ ಆಚೆ ತುದಿಯಲ್ಲಿದೆ, ಅದಕ್ಕೆ ನಾಲ್ಕು ಮೆಟ್ಟಿಲಿವೆ. ಹಾಗಾಗಿ ಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವುದನ್ನು ಕಲಿಯುತ್ತದೆ. ಒಳಗೊಳ್ಳುವ ಶಿಕ್ಷಣದಲ್ಲಿ ಅದು ಕಲಿಯುವ ಮೊದಲ ಪಾಠ ಅದೇ.

ಕಿವಿ ಕೇಳದ ಮಗುವಿಗೆ ರ್‍ಯಾಂಪ್ ತೋರಿಸಲಾಗದು ಎಂಬುದು ಇಲಾಖೆಗೂ ಗೊತ್ತು. ಸಾಮಾನ್ಯ ಶಾಲೆಯಲ್ಲಿ ಅಂಗವೈಕಲ್ಯವಿರುವ ಹತ್ತು ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ಒಂದು ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಅವರು ಬಸ್ಸಿನಲ್ಲಿ ಊರೂರು ಸುತ್ತಿ ಮಗುವನ್ನು ನೋಡಿ, ಮಗು ಇದೆ ಎಂದು ಬರೆದುಕೊಂಡು, ಕೊನೆಯ ಬಸ್ಸಿಗೆ ಮರಳುತ್ತಾರೆ. ತೀವ್ರ ಅಂಗವೈಕಲ್ಯದ ಮಗು ಬಯಸಿದರೆ ಮನೆಯಲ್ಲೇ ಕಲಿಯಬಹುದು ಎಂದು 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಬಂತು. ‘ಬಯಸಿದರೆ’ ಎಂದು ಕಾನೂನು ಬರೆದದ್ದನ್ನು ಮಗುವಿನ ಪರವಾಗಿ ನಾವೇ ಬಯಸಿಕೊಟ್ಟೆವು. ಈಗ ಅದು ಗೃಹಾಧಾರಿತ ಶಿಕ್ಷಣ. ಗೃಹ ಆ ಮಗುವಿನದ್ದು, ಆಧಾರ ಅದರ ತಾಯಿ, ಶಿಕ್ಷಣ ಹಾಜರಿ ಪುಸ್ತಕದ್ದು.

*

ಮೇಷ್ಟ್ರ ವಿಷಯಕ್ಕೆ ಬರೋಣ. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರೇ ಇಲ್ಲ ಎನ್ನುವುದು ವಿರೋಧ ಪಕ್ಷದವರ ಅಪಪ್ರಚಾರ. ಇದ್ದಾರೆ. ಕೆಲವರು ಅತಿಥಿ. ಅತಿಥಿ ದೇವೋ ಭವ ಎನ್ನುವ ನಾಡಿನಲ್ಲಿ ದೇವರಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ಗೌರವಧನ. ಅದೂ ಶಾಲೆ ಶುರುವಾದ ಮೇಲೆ ನೇಮಕ, ಬೇಸಿಗೆ ಬಂದೊಡನೆ ವಿಸರ್ಜನೆ. ಉಳಿದವರು ಕಾಯಂ. ಅವರು ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿರುತ್ತಾರೆ, ಇಲ್ಲವೇ ತರಬೇತಿಯಲ್ಲಿರುತ್ತಾರೆ, ಇಲ್ಲವೇ ಬಿಸಿಯೂಟದ ಮೊಟ್ಟೆ ಸುಲಿದ ಲೆಕ್ಕವನ್ನು ಆ್ಯಪಿಗೆ ಏರಿಸಲು ನೆಟ್‌ವರ್ಕ್ ಹುಡುಕುತ್ತಾ ಶಾಲೆಯ ತಾರಸಿಯ ಮೇಲಿರುತ್ತಾರೆ. ಏಕೋಪಾಧ್ಯಾಯ ಶಾಲೆಯಲ್ಲಿ ತಾರಸಿಯಿಂದಲೇ ಐದೂ ತರಗತಿ ಕಾಣುತ್ತವಾದ್ದರಿಂದ ತೊಂದರೆಯಿಲ್ಲ.

ಈ ಸಾಲಿನಲ್ಲಿ 2025ರ ದಸರೆಯನ್ನು ಚಿನ್ನದ ಅಕ್ಷರದಲ್ಲಿ ಬರೆಯಬೇಕು. ರಾಜ್ಯದ ಜನರ ಸಾಮಾಜಿಕ ಮತ್ತು ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಸೆಪ್ಟೆಂಬರ್ 22ರಿಂದ ಸಮೀಕ್ಷೆ ಶುರುವಾಯಿತು. ಯಾರು ಶಿಕ್ಷಣದಲ್ಲಿ ಹಿಂದುಳಿದಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳಬೇಕು, ಕೇಳಲು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಬೇಕು. ರಜೆ ಮುಗಿಯಿತು, ಮನೆಗಳು ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಖಾಸಗಿ ಶಾಲೆಯ ಹಳದಿ ಬಸ್ಸುಗಳು ಎಂದಿನಂತೆ ಓಡಾಡಿದವು. ಒಂದೇ ಬೀದಿಯಲ್ಲಿ ಉಳ್ಳವರ ಮಗು ಪಾಠ ಕೇಳುತ್ತಿತ್ತು, ಇಲ್ಲದವರ ಮಗು ಮನೆಯ ಜಗಲಿಯಲ್ಲಿ ಕೂತು ತನ್ನ ಮೇಷ್ಟ್ರು ತನ್ನ ಅಪ್ಪನಿಗೆ ‘ನಿಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆಯೇ’ ಎಂದು ಕೇಳುವುದನ್ನು ನೋಡುತ್ತಿತ್ತು. ಹಿಂದುಳಿದಿರುವಿಕೆಯನ್ನು ಅಳೆಯಲು ಹೋಗಿ ಅಳತೆಗೆ ಬೇಕಾದಷ್ಟನ್ನು ಅಲ್ಲೇ ಉತ್ಪಾದಿಸಿಕೊಂಡ ಸಮೀಕ್ಷೆ ಲೋಕದಲ್ಲಿ ಬೇರೆಲ್ಲೂ ನಡೆದಿರಲಾರದು. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ನ್ಯಾಯ ಹಂಚಬೇಕಾದರೆ ಲೆಕ್ಕ ಬೇಕೇ ಬೇಕು. ಲೆಕ್ಕದ ಖರ್ಚನ್ನೂ ಬಡವರ ಮಕ್ಕಳ ಖಾತೆಗೇ ಬರೆದ ಕೈಚಳಕವನ್ನಷ್ಟೇ ಮೆಚ್ಚುತ್ತಿದ್ದೇನೆ.

*

ಕನ್ನಡಾಭಿಮಾನಿಗಳಾದ ನಮ್ಮನ್ನು ಈ ಬರಹದಿಂದ ಹೊರಗಿಟ್ಟರೆ ಅದೂ ತಾರತಮ್ಯವೇ ಆದೀತು. ತಾಯ್ನುಡಿಯಲ್ಲಿ ಕಲಿತ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದು ಸತ್ಯ. ಆ ಸತ್ಯಕ್ಕಾಗಿ ರಾಜ್ಯ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು, ಇಪ್ಪತ್ತು ವರ್ಷ ಹೋರಾಡಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಮಾಧ್ಯಮದ ಆಯ್ಕೆ ತಂದೆತಾಯಿಯದ್ದು ಎಂದಾಯಿತು. ತಂದೆತಾಯಿಯರಲ್ಲಿ ದುಡ್ಡಿದ್ದವರು ಆಯ್ದುಕೊಂಡರು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುತ್ತೇವೆ ಎಂದು ಸರ್ಕಾರ ಹೇಳಿದಾಗ ಮಾತ್ರ ನಾವು ಎಚ್ಚೆತ್ತೆವು. ಕನ್ನಡ ಸತ್ತೇಹೋಯಿತು ಎಂದು ವೇದಿಕೆಯಲ್ಲಿ ಗುಡುಗಿದೆವು. ಗುಡುಗಿ ಕೆಳಗಿಳಿದವರ ಮೊಬೈಲಿಗೆ ಮೊಮ್ಮಗಳ ಇಂಟರ್‌ನ್ಯಾಷನಲ್ ಶಾಲೆಯಿಂದ ಮೆಸೇಜು ಬಂದಿತ್ತು, ಎರಡನೇ ಕಂತಿನ ಶುಲ್ಕ ಕಟ್ಟಲು.

ನಮ್ಮ ನಿಲುವಿನಲ್ಲಿ ಗೊಂದಲವೇನಿಲ್ಲ. ಕನ್ನಡ ಉಳಿಯಬೇಕು. ಉಳಿಸುವ ಭಾರ ಹೊರಲು ಯೋಗ್ಯ ಹೆಗಲು ಯಾವುದು ಎಂದು ನೋಡಿದಾಗ ಕಟ್ಟಡ ಕೂಲಿಯವನ ಮಗಳ ಹೆಗಲು ಗಟ್ಟಿಯಾಗಿ ಕಂಡಿತು. ಅವಳಿಗೆ ಆ ಭಾರ ಹೊರಿಸಿ, ನಮ್ಮ ಮಕ್ಕಳನ್ನು ಬೋಸ್ಟನ್ನಿಗೆ ಕಳಿಸಿ, ಅಲ್ಲಿನ ಕನ್ನಡ ಕೂಟದಲ್ಲಿ ನವೆಂಬರ್ ಹಬ್ಬಕ್ಕೆ ಭಾಷಣ ಮಾಡಲು ನಾವೂ ಹೋಗುತ್ತೇವೆ. ಕನ್ನಡದಲ್ಲಿ ಚೆನ್ನಾಗಿ ಕಲಿಸುವ, ಇಂಗ್ಲಿಷನ್ನೂ ಧೈರ್ಯವಾಗಿ ಕಲಿಸುವ ಒಂದೇ ಶಾಲೆಗೆ ಎಲ್ಲರ ಮಕ್ಕಳೂ ಹೋಗಲಿ ಎಂದು ಯಾರಾದರೂ ಹೇಳಿದರೆ ಆ ಗೋಷ್ಠಿಯ ಸಮಯ ಮುಗಿದಿರುತ್ತದೆ.

ಆ ಕೂಲಿಯವನ ಮಗಳಿಗೆ ಬೇರೆ ತಾಪತ್ರಯಗಳಿವೆ. ಅಪ್ಪ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗುಳೆ ಎದ್ದು ಬೆಂಗಳೂರಿಗೆ ಬಂದಿದ್ದಾನೆ. ಊರಿನ ಶಾಲೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಅವಳ ಹೆಸರಿದೆ, ಅವಳಿಲ್ಲ. ಇಲ್ಲಿನ ತಗಡಿನ ಶೆಡ್ಡಿನಲ್ಲಿ ಅವಳಿದ್ದಾಳೆ, ಹೆಸರಿಲ್ಲ. ಟಿಸಿ ಇಲ್ಲದೆಯೂ ಸೇರಿಸಿಕೊಳ್ಳಬೇಕು ಎಂದು ಕಾಯ್ದೆ ಹೇಳುತ್ತದೆ. ಆಧಾರಿನಲ್ಲಿ ಅವಳ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇಲ್ಲ, ತಂತ್ರಾಂಶ ಒಪ್ಪುತ್ತಿಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ. ಕಾಯ್ದೆ ದೊಡ್ಡದೋ ತಂತ್ರಾಂಶ ದೊಡ್ಡದೋ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ನೋಡಿ, ಅವರು ಬಿಇಒ ಅವರನ್ನು ಕೇಳಲು ಹೇಳುತ್ತಾರೆ. ಅಷ್ಟರಲ್ಲಿ ಕಟ್ಟಡ ಮುಗಿದು ಅಪ್ಪ ಮುಂದಿನ ಬಡಾವಣೆಗೆ ಹೋಗಿರುತ್ತಾನೆ. ಅವನು ಕಟ್ಟಿ ಮುಗಿಸಿದ್ದು ಶಾಲೆಯ ಕಟ್ಟಡವನ್ನೇ, ಈಜುಕೊಳವಿರುವಂಥದ್ದು.

*

ಶತಮಾನಗಳ ನಂಬಿಕೆಗೆ ನೋವಾಗದಂತೆ ನೋಡಿಕೊಳ್ಳುವ ಧಾರವಾಡ ಪರಂಪರೆ ಅಡುಗೆಮನೆಯಲ್ಲೂ ಜೀವಂತವಾಗಿದೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಮಕ್ಕಳ ತಟ್ಟೆಗೆ ಒಂದು ಬೇಯಿಸಿದ ಮೊಟ್ಟೆ ಬಿದ್ದಾಗ ಕೆಲವು ಪೂಜ್ಯರು ಬೀದಿಗಿಳಿದರು. ಕೆಲವರಿಗೆ ಮೊಟ್ಟೆ, ಕೆಲವರಿಗೆ ಬಾಳೆಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದಭಾವ ಹುಟ್ಟುತ್ತದೆ ಎಂಬುದು ಅವರ ವಾದಗಳಲ್ಲೊಂದು. ಪಂಕ್ತಿಭೇದದ ವಿರುದ್ಧ ಇಷ್ಟು ಎತ್ತರದ ದನಿ ಆ ದಿಕ್ಕಿನಿಂದ ಕೇಳಿದ್ದು ಅಪರೂಪ. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಕ್ಯಾಮೆರ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಉತ್ತರ ಕೊಟ್ಟಳು. ಇಡೀ ಚರ್ಚೆಯಲ್ಲಿ ಹಸಿವಿನ ಬಗ್ಗೆ ಮಾತಾಡಿದವರು ಕಡಿಮೆ, ಅವಳು ಅವರಲ್ಲೊಬ್ಬಳು.

2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಯ ಖರ್ಚಿಗೆ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂತು. ಗದ್ದಲವಾದ ಮೇಲೆ ವಾಪಸಾಯಿತು. ಉಚಿತ ಶಿಕ್ಷಣ ಎಂದರೆ ಸರ್ಕಾರಕ್ಕೆ ಉಚಿತ ಎಂದು ಯಾರೋ ಓದಿಕೊಂಡಿದ್ದಿರಬೇಕು. ಮುಂದಿನ ತಿಂಗಳೇ ‘ವಿವೇಕ’ ಯೋಜನೆಯಲ್ಲಿ ಸಾವಿರಾರು ಕೊಠಡಿ ಕಟ್ಟಲು ಹೊರಟು, ಗೋಡೆಗೆ ಕೇಸರಿ ಬಳಿಯಬೇಕೇ ಬೇಡವೇ ಎಂದು ನಾಡಿಗೆ ನಾಡೇ ಚರ್ಚಿಸಿತು. ಸೋರುವ ಚಾವಣಿಯ ಬಣ್ಣದ ಬಗ್ಗೆ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಇಷ್ಟೆಲ್ಲ ಅಡೆತಡೆಗಳಿರುವ ವ್ಯವಸ್ಥೆಯಲ್ಲಿ ಒಂದೇ ಒಂದು ಜಾಗಕ್ಕೆ ಬಡಮಕ್ಕಳಿಗೆ ನೇರ ಪ್ರವೇಶವಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಯಿತು. ಅಲ್ಲಿ ಇಳಿಯಲು ಆಧಾರ್ ಕೇಳಲಿಲ್ಲ, ಟಿಸಿ ಕೇಳಲಿಲ್ಲ, ತಂದೆಯ ಹುದ್ದೆ ಕೇಳಲಿಲ್ಲ, ತಂತ್ರಾಂಶ ಕೈಕೊಡಲಿಲ್ಲ, ನೆರೆಹೊರೆಯ ನಿಯಮ ಅಡ್ಡ ಬರಲಿಲ್ಲ. ಜಾತಿಯೊಂದು ಸಾಕಾಯಿತು. ಅಮಾನತುಗಳಾದವು, ಬಂಧನವಾಯಿತು, ಮಕ್ಕಳಿಂದ ಶೌಚಾಲಯ ತೊಳೆಸಬಾರದು ಎಂಬ ಸುತ್ತೋಲೆ ಬಂತು. ಮಕ್ಕಳಿಂದ ಮಲದ ಗುಂಡಿ ತೊಳೆಸಬಾರದು ಎಂದು ಶಿಕ್ಷಣ ಕೊಡುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕಾಯಿತು.

*

ಪರಿಹಾರವನ್ನೇ ಹೇಳದೆ ಬರೀ ಕೊಂಕು ಬರೆಯುತ್ತಾನೆ ಎಂಬ ಆಪಾದನೆ ನನಗೆ ಬೇಡ. ಪರಿಹಾರವನ್ನು ಅಲಹಾಬಾದ್ ಹೈಕೋರ್ಟು 2015ರ ಆಗಸ್ಟಿನಲ್ಲೇ ಬರೆದುಕೊಟ್ಟಿದೆ: ಸರ್ಕಾರದಿಂದ ಸಂಬಳ ಪಡೆಯುವವರು, ಜನಪ್ರತಿನಿಧಿಗಳು, ನ್ಯಾಯಾಂಗದವರು ಎಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು. ಉತ್ತರಪ್ರದೇಶ ಸರ್ಕಾರ ಅದನ್ನು ಏನು ಮಾಡಿತು ಎಂದು ಕೇಳಬೇಡಿ. ತತ್ತ್ವವನ್ನು ಒಪ್ಪಿರುತ್ತದೆ.

ನಮ್ಮಲ್ಲಿ ಅದು ಒಂದೇ ಒಂದು ತಾಲ್ಲೂಕಿನಲ್ಲಿ ಜಾರಿಯಾಯಿತು ಎಂದು ಊಹಿಸಿಕೊಳ್ಳಿ. ಸೋಮವಾರ ಸಾಹೇಬರ ಮಗಳು ಸರ್ಕಾರಿ ಶಾಲೆಗೆ ಸೇರುತ್ತಾಳೆ. ಮಂಗಳವಾರ ಬೆಳಿಗ್ಗೆ ಶೌಚಾಲಯಕ್ಕೆ ಬೋಲ್ಟು, ಬಕೆಟ್ಟು, ನಲ್ಲಿ, ನಲ್ಲಿಯಲ್ಲಿ ನೀರು. ಬುಧವಾರ ಗೇಟಿನ ಮುಂದಿನ ಚಪ್ಪಡಿ ಬದಲಾಗುತ್ತದೆ. ಲೋಕೋಪಯೋಗಿ ಇಲಾಖೆಯವರು ಟೇಪು ಹಿಡಿದು ಬಂದು ರ್‍ಯಾಂಪನ್ನು ಒಡೆದು ಒಂದಕ್ಕೆ ಹನ್ನೆರಡರಂತೆ ಕಟ್ಟುತ್ತಾರೆ. ಗುರುವಾರ ಗಣಿತಕ್ಕೆ ಕಾಯಂ ಮೇಷ್ಟ್ರು ಬರುತ್ತಾರೆ, ಅವರನ್ನು ಸಮೀಕ್ಷೆಗೆ ಕರೆಯುವ ಧೈರ್ಯ ಯಾವ ತಹಶೀಲ್ದಾರರಿಗೂ ಇರುವುದಿಲ್ಲ. ಶುಕ್ರವಾರ ತಂತ್ರಾಂಶ ತಾನಾಗಿಯೇ ಸರಿಹೋಗಿ ಇನಿಷಿಯಲ್ ಇಲ್ಲದ ಹೆಸರನ್ನೂ ಒಪ್ಪಿಕೊಳ್ಳುತ್ತದೆ. ಶನಿವಾರ ಆ ಮಗಳೂ ಕೂಲಿಯವನ ಮಗಳೂ ಒಂದೇ ಬೆಂಚಿನಲ್ಲಿ ಕುಳಿತು ಜಗಳವಾಡುತ್ತಾರೆ. ಕೀಳರಿಮೆ ಯಾರಿಗೂ ಬರುವುದಿಲ್ಲ, ಜುಟ್ಟು ಮಾತ್ರ ಇಬ್ಬರದ್ದೂ ಕೆದರುತ್ತದೆ.

ಭಾನುವಾರ ಸಾಹೇಬರು ಬೆಂಗಳೂರಿಗೆ ವರ್ಗಾವಣೆ ಮಾಡಿಸಿಕೊಳ್ಳುತ್ತಾರೆ. ರಜಾದಿನವಾದರೂ ಕಚೇರಿ ತೆರೆಸಿ ಮಗಳ ಟಿಸಿ ಒಂದೇ ಗಂಟೆಯಲ್ಲಿ ಕೊಡುತ್ತಾರೆ. ನಲ್ಲಿಯನ್ನು ಮಾತ್ರ ಯಾರೂ ಬಿಚ್ಚಿಕೊಂಡು ಹೋಗಲಾರರು ಎಂಬುದೇ ಈ ಯೋಜನೆಯ ನಿವ್ವಳ ಲಾಭ. ತಾಲ್ಲೂಕಿಗೊಬ್ಬ ಸಾಹೇಬ, ವಾರಕ್ಕೊಂದು ಶಾಲೆ ಎಂದು ಸರದಿ ಹಾಕಿದರೆ 2030ರೊಳಗೆ ಎಷ್ಟೋ ಶಾಲೆಗಳಲ್ಲಿ ನೀರು ಬಂದೀತು. ಇಂಚಾನ್‌ಗೆ ಹೋಗಿ ಬಂದ ವಿಮಾನದ ಟಿಕೆಟ್ಟಿಗಿಂತ ಅಗ್ಗ.